ಹಸಿ ಸಿಮೆಂಟಿನ ಅಂಗಳ

ತುಮಕೂರು, ಜನವರಿ ೨೯, ೧೯೬೧. ಭಾನುವಾರ

ಮುಂದಿನ ಅಂಗಳದ ಚಪ್ಪಡಿಗಳನ್ನೆಲ್ಲ ಕಿತ್ತು ಸಿಮೆಂಟು ಹಾಕಿಸುವುದೆಂದು ಅಣ್ಣ ಇವತ್ತು ಊಟಕ್ಕೆ ಕೂತಾಗ ತೀರ್ಪು ಕೊಟ್ಟ. ತೀರ್ಪು ಎಂದೇ ಹೇಳಬೇಕು. ಕೋರ್ಟಿನಲ್ಲಿ ಬೇರೆಯವರ ತೀರ್ಪು ಕೇಳಿ ಕೇಳಿ ಸಾಕಾಗಿರುವ ವಕೀಲ ಅನಂತರಾಮಯ್ಯನವರು ಮನೆಗೆ ಬಂದರೆ ತಾವೇ ಜಡ್ಜು.

ಕಾರಣವಿದೆ. ಕಾರ್ತಿಕದಲ್ಲಿ ಅಣ್ಣನ ಮಗಳು ಅಲಮೇಲುವನ್ನು ನೋಡಲು ಬಂದವರ ಕಾರು ಗೇಟು ದಾಟಿದ್ದೇ ತಡ, ಎರಡು ಚಪ್ಪಡಿಗಳ ನಡುವೆ ಚಕ್ರ ಇಳಿಸಿ ಕೂತುಬಿಟ್ಟಿತು. ಹುಡುಗನ ತಾತ ಇಳಿದು ಬರುವಾಗ ಎಡವಿ ಹೆಬ್ಬೆರಳಿನ ಉಗುರು ಕಿತ್ತುಕೊಂಡರು. ಅವರು ಬೇಡವೆಂದದ್ದು ಅಲಮೇಲು ಕಪ್ಪು ಎಂದು. ಆದರೆ ಅಣ್ಣ ಮಗಳಿಗೆ ಬಣ್ಣ ಬಳಿಯಲಾರ, ಅಂಗಳಕ್ಕಾದರೆ ಬಳಿಸಬಲ್ಲ.

ಈಗ ಇನ್ನೊಂದು ಸಂಬಂಧ ಬಂದಿದೆ. ಅಮೃತೂರಿನ ಕಡೆಯವರು. ಹುಡುಗ ಜಯರಾಮ, ಮಾರ್ಕೋನಹಳ್ಳಿ ಅಣೆಕಟ್ಟಿನಲ್ಲಿ ಇಂಜಿನಿಯರು. ತಂದೆ ಇಲ್ಲ, ಚಿಕ್ಕಪ್ಪ ಸೀತಾರಾಮಯ್ಯ ಎಂಬುವರು ಎಲ್ಲ ನಡೆಸುತ್ತಾರೆ. ತಾಯಿಯ ವಿಷಯ ಯಾರೂ ಎತ್ತಲಿಲ್ಲ. ಮಾರ್ಚಿ ಎರಡನೆಯ ವಾರ ಬರುತ್ತಾರಂತೆ.

"ಸಿಮೆಂಟಲ್ಲೇ ಬದುಕೋ ಹುಡುಗ ಕಣೇ. ಗೇಟ್ ಹತ್ರ ನಿಂತೇ ನಮ್ಮನ್ನ ಅಳೆದ್ಬಿಡ್ತಾನೆ" ಎಂದು ಅಣ್ಣ ಅತ್ತಿಗೆಗೆ ಹೇಳಿದ.

ಬಡಿಸುತ್ತಿದ್ದ ನಾನು ಸುಮ್ಮನಿರಲಾರದೆ "ಆ ಕಲ್ಲುಗಳು ಅಪ್ಪ ಹಾಕ್ಸಿದ್ದು" ಎಂದೆ. ಅಪ್ಪ ಕುಣಿಗಲಿನಲ್ಲಿ ಕಂದಾಯದ ಶೇಕ್ದಾರರಾಗಿದ್ದಾಗ ಹುತ್ರಿದುರ್ಗದ ಕಡೆಯಿಂದ ಗಾಡಿಗಳಲ್ಲಿ ಹೇರಿಸಿ ತಂದ ಕಲ್ಲು ಅವು.

"ಅಪ್ಪನ ಕಾಲ್ದಲ್ಲಿ ಎತ್ತಿನ ಗಾಡಿ ಬರ್ತಿತ್ತು, ಈಗ ಕಾರು ಬರತ್ತೆ. ಅಷ್ಟಕ್ಕೂ ನಿಂಗೇನೇ ಸುಂದಾ? ನೀನು ಆ ಕಡೆ ಓಡಾಡೋದೇ ಇಲ್ವಲ್ಲ."

ಅದೂ ನಿಜವೇ. ನಾನು ಹೋಗಿಬರುವುದು ಹಿತ್ತಿಲ ಬಾಗಿಲಿನಿಂದ. ಹಿಂದಿನ ಓಣಿ ಹಿಡಿದರೆ ಶಾಲೆ ಹತ್ತಿರ. ಪಾಠ ಹೇಳುವ ಕೆಲಸಕ್ಕೆ ಸೇರಿದಾಗಿನಿಂದ ಅಭ್ಯಾಸವಾಗಿಬಿಟ್ಟಿದೆ. ಇದರಲ್ಲಿ ಬೇಜಾರುಪಟ್ಟುಕೊಳ್ಳುವಂಥದ್ದೇನೂ ಇಲ್ಲ. ಆದರೂ ಆಮೇಲೆ ನಾನು ಊಟಕ್ಕೆ ಕೂತಾಗ ಮಜ್ಜಿಗೆ ಅನ್ನ ಹಾಕಿಕೊಳ್ಳದೆ ಎದ್ದೆ.

ಫೆಬ್ರವರಿ ೨, ಗುರುವಾರ

ಶಾಲೆಯಿಂದ ಬರುವ ಹೊತ್ತಿಗೆ ಅರ್ಧ ಅಂಗಳ ಎದ್ದಿತ್ತು. ಗಾರೆ ಕೆಲಸದ ಓಬಳಯ್ಯ ಹಾರೆ ಹಾಕಿ ಮೀಟುತ್ತಾನೆ, ಅವನ ಜೊತೆಯ ಆಳು ನರಸಮ್ಮ ಮಣ್ಣು ಹೊರುತ್ತಾಳೆ. ಓಬಳಯ್ಯ ಬಾಯಿ ತೆರೆದರೆ ತನ್ನ ಪ್ರತಾಪವೇ. ಇಡೀ ತುಮಕೂರಿನಲ್ಲಿ ಅವನ ಹಾಗೆ ಕರಣೆ ಆಡಿಸುವವನು ಇನ್ನೊಬ್ಬನಿಲ್ಲವಂತೆ. ಇದುವರೆಗೆ ಅವನು ಮಾಡಿದ್ದೆಲ್ಲ ಸುಣ್ಣದ ಗಾರೆ, ಇಷ್ಟು ದೊಡ್ಡ ಅಂಗಳಕ್ಕೆ ಸಿಮೆಂಟು ಹಾಕುವುದು ಇದೇ ಮೊದಲು ಎಂದು ನರಸಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಕಿತ್ತ ಕಲ್ಲುಗಳನ್ನು ರಸ್ತೆಯ ಮೋರಿ ಪಕ್ಕದಲ್ಲಿ ಒಟ್ಟಿದ್ದರು. ಯಾರೋ ದನದ ಕೊಟ್ಟಿಗೆಗೆ ಕೇಳಿದ್ದಾರೆ, ಅಣ್ಣ ಹೂಂ ಎಂದಿದ್ದಾನೆ. ಮೇಲಿನ ಕಲ್ಲಿನ ಮಣ್ಣನ್ನು ಸೆರಗಿನಲ್ಲಿ ಒರೆಸಿದೆ. ಕುಂಟೆಬಿಲ್ಲೆಯ ಕಲ್ಲು! ಎಂಟು ವರ್ಷದವಳಿದ್ದಾಗ ಮೊಳೆಯಲ್ಲಿ ಗೀರಿ ಗೀರಿ ನಾನೇ ಮನೆಗಳನ್ನು ಮಾಡಿದ್ದೆ. ಅಪ್ಪ ನೋಡಿ, ಬೈಯುವುದು ಬಿಟ್ಟು, "ಗೆರೆ ನೆಟ್ಟಗೆ ಬಂದಿಲ್ವಲ್ಲೇ" ಎಂದಿದ್ದರು. ಆಮೇಲೆ ನನಗೆ ಮದುವೆಯಾಯಿತು, ಗಂಡ ಟೈಫಾಯಿಡಿನಲ್ಲಿ ಹೋದರು, ಹದಿನಾರು ತುಂಬುವ ಮೊದಲೇ ಈ ಮನೆಗೆ ವಾಪಸು ಬಂದೆ. ಆ ಗೆರೆಗಳು ಮಾತ್ರ ಇದ್ದ ಹಾಗೇ ಇವೆ. ಈಗಲೂ ನೆಟ್ಟಗಿಲ್ಲ.

ಸೀದಾ ಅಣ್ಣನ ಆಫೀಸು ಕೋಣೆಗೆ ಹೋದೆ. "ಆ ಕಲ್ಲುಗಳು ನಂಗೆ ಬೇಕು."

"ಏನ್ಮಾಡ್ತೀಯೇ?"

"ಹಿತ್ತಿಲಿಗೆ ಹಾಸಿಸ್ತೀನಿ. ಮಳೆಗಾಲ್ದಲ್ಲಿ ಕೆಸರು ತುಳ್ಕೊಂಡು ಹೋಗೋಳು ನಾನು, ನೀನಲ್ಲ. ಕೂಲಿ ನನ್ನ ಸಂಬಳದಲ್ಲಿ ಕೊಡ್ತೀನಿ."

ಅಣ್ಣ "ಹೂಂ, ತಗೋ" ಎಂದ. ವಕೀಲರು ವಾದವಿಲ್ಲದೆ ಒಪ್ಪಿದ್ದು ಬರೆದಿಡಬೇಕಾದ ಸಂಗತಿ, ಅದಕ್ಕೇ ಬರೆದಿದ್ದೇನೆ.

ಫೆಬ್ರವರಿ ೧೧, ಶನಿವಾರ

ಹಿತ್ತಿಲು ಮುಗಿಯಿತು. ನನ್ನ ಕೋಣೆಯ ಹೊಸ್ತಿಲಿನಿಂದ ಬಚ್ಚಲು, ಬಾವಿ ದಾಟಿ ಹಿಂದಿನ ಬಾಗಿಲಿನವರೆಗೆ ಕಲ್ಲಿನ ದಾರಿ. ಕುಂಟೆಬಿಲ್ಲೆಯ ಕಲ್ಲನ್ನು ನನ್ನ ಬಾಗಿಲೆದುರಿಗೇ ಹಾಕಿಸಿಕೊಂಡೆ. ಯಾರೂ ಇಲ್ಲದಾಗ ಒಂದು ಮನೆ ಹಾರಿಯೂ ನೋಡಿದೆ. ಮೂವತ್ತೈದು ವರ್ಷದ ಮೇಡಮ್ಮು! ಮಕ್ಕಳು ನೋಡಿದ್ದರೆ ಸೋಮವಾರದಿಂದ ಕ್ಲಾಸಿನಲ್ಲಿ ಯಾರೂ ಮಾತು ಕೇಳುತ್ತಿರಲಿಲ್ಲ.

ಮುಂದಿನ ಅಂಗಳದ ಸ್ಥಿತಿ ಮಾತ್ರ ಕೇಳಬಾರದು. ಸರ್ಕಾರದಿಂದ ಸಿಮೆಂಟಿನ ಪರ್ಮಿಟ್ಟು ಇನ್ನೂ ಬಂದಿಲ್ಲ. ಬರೀ ಕೆಂಪು ಮಣ್ಣು, ಓಡಾಡುವುದಕ್ಕೆ ಒಂದು ಹಲಗೆ. ಹಲಗೆಯ ಮೇಲೆ ಅಣ್ಣ ಪಂಚೆ ಎತ್ತಿಕೊಂಡು ಬರುವುದನ್ನು ನೋಡಲು ಎರಡು ಕಣ್ಣು ಸಾಲದು.

ನರಸಮ್ಮನಿಗೆ ಕಾಫಿ ಕೊಟ್ಟೆ. ಬಾವಿಕಟ್ಟೆಯ ಹತ್ತಿರ ಕೂತು ಕುಡಿಯುತ್ತ ಕೇಳಿದಳು.

"ಅಮ್ಮಾರೆ, ತಪ್ಪು ತಿಳ್ಕಾಬ್ಯಾಡಿ. ಅಷ್ಟು ದೊಡ್ಡ ಬಾಗ್ಲು ಮುಂದ್ಗಡೆ ಮಡಿಕಂಡು ನೀವ್ಯಾಕೆ ಈ ಸಂದೀಲಿ ಓಡಾಡ್ತೀರಿ?"

"ಸ್ಕೂಲಿಗೆ ಹತ್ರ ನರಸಮ್ಮ."

ಅವಳು ನನ್ನ ಬೋಳು ಹಣೆಯನ್ನೇ ನೋಡಿದಳು. "ನನ್ ಗಂಡನೂ ಸತ್ತವ್ನೆ, ಮೂರು ವರ್ಸ ಆಯ್ತು. ದಿನಾ ಬೆಳಿಗ್ಗೆ ಆ ಮುಂದ್ಗಡೆ ಗೇಟಲ್ಲೇ ಬತ್ತೀನಿ. ಯಜಮಾನ್ರು ಎದುರ್ಗೇ ಹೋಯ್ತಾರೆ. ಏನೂ ಅನ್ನಾಕಿಲ್ಲ. ಮಣ್ಣು ಹೊರೋಳು ಎದುರ್ಗೆ ಬಂದ್ರೆ ಸಕುನ ಕೆಡಾಕಿಲ್ವ?"

ಲೋಟ ತೊಳೆಯುವ ನೆವದಲ್ಲಿ ಎದ್ದೆ.

ಫೆಬ್ರವರಿ ೧೨

ನರಸಮ್ಮನ ಮಾತು ತಲೆಯಿಂದ ಹೋಗುತ್ತಿಲ್ಲ. ಹಾಳಾದವಳು.

ಫೆಬ್ರವರಿ ೧೮, ಶನಿವಾರ

ಹಿಂದಿನ ಓಣಿಯಿಂದ ಶಾಲೆ ಹತ್ತಿರ ಎಂದು ಮೊದಲು ಹೇಳಿದವರು ಯಾರು ಎಂದು ಇವತ್ತು ಕುಳಿತು ಯೋಚಿಸಿದೆ. ನಾನಲ್ಲ. ಅತ್ತಿಗೆ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ. ಆಗ ಅಪ್ಪ ತೀರಿಕೊಂಡು ಸ್ವಲ್ಪ ದಿನವಾಗಿತ್ತು. ಬೆಳಿಗ್ಗೆ ನಾನು ಶಾಲೆಗೆ, ಅಣ್ಣ ಕೋರ್ಟಿಗೆ, ಇಬ್ಬರೂ ಒಂದೇ ಹೊತ್ತಿಗೆ ಅಂಗಳಕ್ಕೆ ಇಳಿಯುತ್ತಿದ್ದೆವು. ನನ್ನನ್ನು ನೋಡಿದರೆ ಅಣ್ಣ ಏನೂ ಅನ್ನುತ್ತಿರಲಿಲ್ಲ. ಏನೋ ಮರೆತವನ ಹಾಗೆ ಒಳಗೆ ಹೋಗಿ, ಒಂದು ಲೋಟ ನೀರು ಕುಡಿದು, ಸ್ವಲ್ಪ ಹೊತ್ತು ಕೂತು ಮತ್ತೆ ಹೊರಡುತ್ತಿದ್ದ. ಅಣ್ಣನಿಗೆ ಬಾಯಾರಿಕೆ ಜಾಸ್ತಿ ಎಂದುಕೊಂಡಿದ್ದೆ ನಾನು, ಪೆದ್ದು! ಒಂದು ದಿನ ಅವನು ಯಾವುದೋ ದೊಡ್ಡ ಕೇಸು ಸೋತುಬಂದ. ಮಾರನೆಯ ದಿನ ಅತ್ತಿಗೆ ನನ್ನ ತಲೆ ಬಾಚುತ್ತ ಬಹಳ ಪ್ರೀತಿಯಿಂದ "ಹಿತ್ತಿಲ ಕಡೆಯಿಂದ ಹೋದ್ರೆ ಸ್ಕೂಲು ಹತ್ರ ಅಲ್ವೇನೇ ಸುಂದಾ?" ಎಂದಳು.

ಹತ್ತಿರವೇ. ಸುಳ್ಳಲ್ಲ. ಅದನ್ನೇ ಹಿಡಿದುಕೊಂಡು ಇಷ್ಟು ವರ್ಷ ಕಳೆದೆ. ಯಾರಾದರೂ ಕೇಳಿದರೆ ಅದನ್ನೇ ಹೇಳಿದೆ. ಈ ಪುಸ್ತಕದಲ್ಲೂ ಅದನ್ನೇ ಬರೆದಿದ್ದೇನೆ.

ಇರಲಿ. ಹಿತ್ತಿಲಲ್ಲಿ ಈಗ ನನಗೆ ಅಪ್ಪನ ಕಲ್ಲಿದೆ. ಅಷ್ಟು ಸಾಕು.

ಫೆಬ್ರವರಿ ೨೪, ಶುಕ್ರವಾರ

ಅಮೃತೂರಿನಿಂದ ಕಾರ್ಡು ಬಂತು. ಸೀತಾರಾಮಯ್ಯನವರಿಗೆ ಆಮೇಲೆ ಬಿಡುವಿಲ್ಲವಂತೆ. ಮಾರ್ಚಿ ಐದು, ಭಾನುವಾರವೇ ಬರುತ್ತಾರೆ, ರಾಹುಕಾಲಕ್ಕೆ ಮೊದಲು. ಮನೆಯಲ್ಲಿ ಬೆಂಕಿ ಬಿದ್ದಂತೆ ಆಗಿದೆ. ಅಣ್ಣ ಪರ್ಮಿಟ್ಟಿಗೆ ಓಡಾಡುತ್ತಿದ್ದಾನೆ. ಅಲಮೇಲು ಮಾತ್ರ ಮಹಡಿಯಲ್ಲಿ ಕೂತು ಪರೀಕ್ಷೆಗೆ ಓದುತ್ತಿದ್ದಾಳೆ, ಯಾರದೋ ಮನೆಯ ಹುಡುಗಿಯನ್ನು ನೋಡಲು ಬರುತ್ತಿರುವ ಹಾಗೆ.

ರಾತ್ರಿ ಅಡುಗೆಮನೆಯಲ್ಲಿ ಅತ್ತಿಗೆ ಅವರೆಕಾಳು ಹಿಸುಕುತ್ತ ಪಕ್ಕಕ್ಕೆ ಬಂದು ಕೂತಳು. ಆ ಪ್ರೀತಿಯ ದನಿ ಕೇಳಿದ ಕೂಡಲೇ ನನಗೆ ಗೊತ್ತಾಯಿತು.

"ಗುಬ್ಬಿ ದೊಡ್ಡಮ್ಮ ನಿನ್ನ ತುಂಬಾ ನೆನೆಸ್ಕೊತಿದ್ರಂತೆ. ಮುಂದಿನ ಶನಿವಾರ ಹೋಗಿ ಎರಡು ದಿನ ಇದ್ದು ಬರ್ಬಾರ್ದೇನೇ?"

ಗುಬ್ಬಿ ದೊಡ್ಡಮ್ಮನಿಗೆ ಈಗ ಯಾರ ಗುರುತೂ ಸಿಗುವುದಿಲ್ಲ. ನನ್ನನ್ನು ಹೇಗೆ ನೆನೆಸಿಕೊಂಡರೋ! ಕಾರ್ತಿಕದಲ್ಲೂ ಹೀಗೇ ಕಳಿಸಿದ್ದರು. ಹೋಗಿದ್ದೆ. ನಾನು ಗುಬ್ಬಿಯಲ್ಲಿ ಕೂತಿದ್ದರೂ ತಾತನ ಉಗುರು ಹಾರಿತು, ಸಂಬಂಧ ಮುರಿಯಿತು. ಆಗ ಯಾರ ಮುಖ ನೋಡಿ ಹೊರಟಿದ್ದರೋ ಯಾರೂ ವಿಚಾರಿಸಲಿಲ್ಲ.

"ನೋಡ್ತೀನಿ ಅತ್ತಿಗೆ" ಎಂದೆ.

ಫೆಬ್ರವರಿ ೨೫

ನೋಡಿದೆ. ಹೋಗುವುದಿಲ್ಲ.

ಫೆಬ್ರವರಿ ೨೭, ಸೋಮವಾರ

ಅಣ್ಣನ ಜೊತೆ ಜಗಳ. ಹಿಂದೆ ಯಾವತ್ತೂ ಹೀಗೆ ಆಡಿರಲಿಲ್ಲ.

"ಅಲಮೇಲು ಒಳ್ಳೇದಕ್ಕೆ ಹೇಳ್ತಿರೋದು. ನಿಂಗೆ ಅವಳ ಮೇಲೆ ಪ್ರೀತಿ ಇಲ್ವಾ?" ಎಂದ.

ಇದನ್ನು ಕೇಳಿದ ಮೇಲೆ ನನ್ನ ಬಾಯಿಗೆ ಬೀಗ ಇರಲಿಲ್ಲ. "ಅವಳಿಗೆ ಅ ಆ ತಿದ್ಸಿದ್ದು ಯಾರು? ಸಿಡುಬು ಎದ್ದಾಗ ಬೇವಿನ ಸೊಪ್ಪು ಹಿಡ್ಕೊಂಡು ಪಕ್ಕದಲ್ಲಿ ಮಲಗಿದ್ದು ಯಾರು? ಆಗ ಅತ್ತಿಗೆ ಬಾಣಂತಿ, ನೀನು ಹತ್ರ ಬರ್ಲಿಲ್ಲ. ಸಾಯೋ ಮಗು ಪಕ್ಕ ಕೂತ್ಕೊಳೋಕೆ ನನ್ನ ಮುಖ ಆಗತ್ತೆ. ಅದು ಬದುಕಿ ಬೆಳೆದು ಮದುವೆಗೆ ಬಂದಾಗ ಅಪಶಕುನ ಆಗತ್ತಾ? ನಾನು ಗುಬ್ಬಿಗೂ ಹೋಗಲ್ಲ, ಕಾಶಿಗೂ ಹೋಗಲ್ಲ. ಇದು ನಮ್ಮಪ್ಪನ ಮನೆ."

"ಹುಡುಗಿ ಬಾಳು ಹಾಳಾದ್ರೆ?"

"ನನ್ನ ಮುಖ ನೋಡಿದ್ರೆ ಬಾಳು ಹಾಳು ಅನ್ನೋ ಮನೆ ಅವಳಿಗೆ ಬೇಡ."

ಹೇಳಿ ಬಂದೆ. ರಾತ್ರಿ ಹಿಟ್ಟು ಕಲಸಿ ಎರಡು ಚಪಾತಿ ಜಾಸ್ತಿಯೇ ತಿಂದೆ.

ಮಾರ್ಚಿ ೪, ಶನಿವಾರ

ಸಿಮೆಂಟು ಬಂತು. ನಿನ್ನೆ ಇವತ್ತು ಸೇರಿ ಗೇಟಿನಿಂದ ಮುಕ್ಕಾಲು ಅಂಗಳ ಆಯಿತು. ಜಗಲಿಗೆ ತಾಗಿದ ಕೊನೆಯ ಪಟ್ಟಿ ಉಳಿದಿದೆ, ಮರಳು ಸಾಲದೆ ಬಂತು. ನಾಳೆ ಬೆಳಿಗ್ಗೆ ಹಾಕಿ ಮುಗಿಸುತ್ತಾನಂತೆ ಓಬಳಯ್ಯ. ನಾಳೆಯೇ ನೆಂಟರು ಬರುವುದು ಎಂದರೆ ಎದೆ ತಟ್ಟಿಕೊಂಡ.

"ಹತ್ತು ಗಂಟ್ಗೆ ಹಾಕ್ಬುಡ್ತೀನಿ ಬುದ್ಧಿ. ಮೂರು ಗಂಟ್ಗೆ ಆನೆ ತುಳುದ್ರೂ ಏನಾಗಾಕಿಲ್ಲ. ನನ್ ಕೈ ಗುಣ ಅಂಗೈತೆ."

ಅಣ್ಣ ನಂಬಿದ. ಕಕ್ಷಿಗಾರನ ಮಾತು ಒಂದನ್ನೂ ನಂಬದ ಅಣ್ಣ ಓಬಳಯ್ಯನ ಮಾತು ನಂಬಿದ.

ನಾನು ಗುಬ್ಬಿಗೆ ಹೋಗಿಲ್ಲ. ಯಾರೂ ನನ್ನ ಜೊತೆ ಮಾತಾಡುತ್ತಿಲ್ಲ. ಕೊಬ್ಬರಿ ತುರಿದುಕೊಟ್ಟೆ, ತೆಗೆದುಕೊಂಡರು.

ಮಾರ್ಚಿ ೫, ಭಾನುವಾರ

ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ನಾಳೆ ನಾನೇ ನಂಬಲಿಕ್ಕಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಅಣ್ಣ ಜಗಲಿಯಿಂದ ಬಗ್ಗಿ ಕೊನೆಯ ಪಟ್ಟಿಯನ್ನು ಬೆರಳಿನಲ್ಲಿ ಒತ್ತಿ ನೋಡಿದ. ಬೆರಳು ಇಳಿಯಿತು. ಬೆಳಿಗ್ಗೆ ಹಾಕಿ ಹೋದ ಓಬಳಯ್ಯ ಊರಲ್ಲೇ ಇಲ್ಲ, ಹಲಗೆಯನ್ನೂ ಒಯ್ದಿದ್ದಾನೆ. ಕಾರು ಬರುವುದಿರಲಿ, ಮನುಷ್ಯರು ಜಗಲಿ ಹತ್ತುವುದಕ್ಕೂ ದಾರಿಯಿಲ್ಲ. ಕೊನೆಗೆ ಅತ್ತಿಗೆಯೇ ದಾರಿ ತೋರಿಸಿದಳು: ಕಾರು ಗೇಟಿನ ಹೊರಗೇ ನಿಲ್ಲಲಿ, ಬಂದವರನ್ನು ಹಿಂದಿನ ಓಣಿಯಿಂದ ಕರೆತಂದರಾಯಿತು, ಹಿತ್ತಿಲಲ್ಲಿ ಹೇಗೂ ಕಲ್ಲು ಹಾಸಿದೆಯಲ್ಲ! ನನ್ನ ಕಲ್ಲು. ನಾನು ಜಗಳವಾಡಿ ಉಳಿಸಿದ, ಕುಂಟೆಬಿಲ್ಲೆಯ ಕಲ್ಲಿನ ಮೇಲೆ ಅಮೃತೂರಿನ ಬೀಗರು ಬರುವುದು!

ಆಗ ಅವರಿಗೆ ನೆನಪಾಯಿತು, ಹಿತ್ತಿಲಲ್ಲಿ ನನ್ನ ಕೋಣೆಯೂ ಇದೆ. ಬಂದವರಿಗೆ ಮೊದಲು ಕಾಣುವುದೇ ನಾನು.

ಅಣ್ಣ ಕೈ ಮುಗಿದ. ನಿಜವಾಗಿ ಮುಗಿದ. "ಉಗ್ರಾಣದಲ್ಲಿ ಒಂದು ಗಂಟೆ ಕೂತಿರೇ ಸುಂದಾ."

"ಉಗ್ರಾಣದಲ್ಲಿ ಕೂರೋಕೆ ನಾನು ಬೇಳೆ ಮೂಟೆ ಅಲ್ಲ. ಆದ್ರೆ ಮಾತು ಕೊಡ್ತೀನಿ, ಹಿತ್ತಿಲ ಕಡೆ ನಾನು ಯಾರ ಕಣ್ಣಿಗೂ ಬೀಳಲ್ಲ."

ಅಷ್ಟಕ್ಕೇ ಅವನು ನಿಟ್ಟುಸಿರುಬಿಟ್ಟ. ನಾನು ಮುಖ ತೊಳೆದು, ಬಿಳಿ ಸೀರೆಯಲ್ಲಿ ಒಳ್ಳೆಯದನ್ನು ಉಟ್ಟು, ನಡುಮನೆ ದಾಟಿ ಮುಂಬಾಗಿಲು ತೆಗೆದು ಜಗಲಿಯ ಮೇಲೆ ಕೂತೆ. ಇವತ್ತು ಆ ಕಡೆಗೆ ಯಾರೂ ಬರುವ ಹಾಗಿಲ್ಲವಲ್ಲ. ಎಲ್ಲರಿಗೂ ಹಿತ್ತಿಲು, ನನಗೆ ಮುಂದಿನ ಅಂಗಳ. ಎಷ್ಟು ವರ್ಷವಾಗಿತ್ತು ಅಲ್ಲಿ ಕೂತು! ರಸ್ತೆಯಾಚೆ ಹೊಂಗೆ ಮರ ಚಿಗುರಿತ್ತು.

ಕಾರು ಬಂತು. ಜಗಲಿಯ ಕಂಬದ ಮರೆಯಲ್ಲಿದ್ದ ನನ್ನನ್ನು ಯಾರೂ ಗಮನಿಸಲಿಲ್ಲ. ಅಣ್ಣ ಗೇಟಿನ ಹತ್ತಿರ ಕ್ಷಮೆ ಕೇಳುತ್ತ ಎಲ್ಲರನ್ನೂ ಇಳಿಸಿಕೊಂಡು ಪಕ್ಕದ ಸಂದಿಯಿಂದ ಹಿಂದಕ್ಕೆ ಕರೆದುಕೊಂಡು ಹೋದ. ಮುಂದೆ ಸೀತಾರಾಮಯ್ಯನವರು, ಜರಿ ಅಂಚಿನ ಶಲ್ಯ. ಆಮೇಲೆ ಅವರ ಹೆಂಡತಿ. ಆಮೇಲೆ ಹುಡುಗ, ಉದ್ದನೆಯವನು, ಹಿಂದೆ ತಿರುಗಿ ತಿರುಗಿ ಕಾರನ್ನೇ ನೋಡುತ್ತಿದ್ದ. ಡ್ರೈವರು ಬೀಡಿ ಹಚ್ಚಿಕೊಂಡು ಮರದ ನೆರಳಿಗೆ ಹೋದ.

ಕಾರಿನಲ್ಲಿ ಇನ್ನೂ ಒಬ್ಬರಿದ್ದರು. ತಲೆತುಂಬ ಸೆರಗು ಹೊದ್ದ ಹೆಂಗಸು. ಆ ಬಿಸಿಲಿನಲ್ಲಿ, ಬಾಗಿಲು ಹಾಕಿಕೊಂಡು.

ನನಗೆ ತಟ್ಟನೆ ಹೊಳೆಯಿತು. ತಂದೆ ಇಲ್ಲದ ಹುಡುಗನಿಗೆ ತಾಯಿ ಇದ್ದಾಳೆ. ತಾಯಿಯ ಮಾತನ್ನು ಯಾರೂ ಎತ್ತದೆ ಇದ್ದದ್ದು ಯಾಕೆ ಎಂದೂ ಹೊಳೆಯಿತು. ಅದು ನನಗೇ ಹೊಳೆಯದೆ ಇಷ್ಟು ದಿನ ಇದ್ದೆನಲ್ಲ ಎಂದು ನಾಚಿಕೆಯೂ ಆಯಿತು.

ಹಿತ್ತಿಲಿನಿಂದ ಸುತ್ತಿ ಹೋಗುವ ಹಾಗಿರಲಿಲ್ಲ, ಮಾತು ಕೊಟ್ಟಿದ್ದೆ. ಜಗಲಿಯಿಂದ ಬರಿಗಾಲಲ್ಲಿ ಇಳಿದೆ. ಸಿಮೆಂಟು ತಣ್ಣಗೆ ಕಾಲಿಗೆ ಅಂಟಿತು. ಹಾರಿ ದಾಟುವಷ್ಟು ಕಿರಿದಾಗಿರಲಿಲ್ಲ ಆ ಪಟ್ಟಿ. ನಡೆದುಕೊಂಡೇ ಹೋದೆ.

"ಇಳೀರಿ ಅಮ್ಮಾ. ಈ ಬಿಸಿಲಲ್ಲಿ ಯಾಕೆ ಕೂತಿದೀರಿ?"

ಆಕೆ ಗಾಬರಿಯಾದರು. "ಬೇಡ ತಾಯಿ. ಶುಭಕಾರ್ಯಕ್ಕೆ ಬಂದಿರೋದು. ಮಗ ತುಂಬಾ ಹಟ ಮಾಡ್ದ ಅಂತ ಜೊತೇಲಿ ಬಂದೆ. ಇಲ್ಲೇ ಇರ್ತೀನಿ."

"ಹುಡುಗಿ ನೋಡಲ್ವಾ?"

"ಅವನು ನೋಡಿದ್ರೆ ನಾನು ನೋಡಿದ ಹಾಗೇ." ಆಮೇಲೆ ಅವರ ಕಣ್ಣು ನನ್ನ ಹಣೆಯ ಮೇಲೆ ನಿಂತಿತು. "ನೀವೂ..."

"ಹೂಂ, ನಾನೂ ಅದೇ. ಹುಡುಗಿಯ ಸೋದರತ್ತೆ, ಸುಂದರಮ್ಮ."

"ನಾನು ಕಮಲಾಕ್ಷಮ್ಮ. ನಿಮ್ಮನ್ನೆಲ್ಲಿ ಕೂರ್ಸಿದಾರೆ?"

"ಗುಬ್ಬೀಲಿ" ಎಂದೆ. "ಅವರು ಕೂರ್ಸಿದಾರೆ, ನಾನು ಕೂತಿಲ್ಲ."

ಅವರಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಎಷ್ಟೋ ದಿನದಿಂದ ನಗದವರ ನಗು, ಮಧ್ಯದಲ್ಲಿ ಕೆಮ್ಮು ಬಂತು. ನಾನು ಕಾರಿನ ಬಾಗಿಲು ತೆಗೆದು ಕೈ ನೀಡಿದೆ.

"ಹಿಂದ್ಗಡೆಯಿಂದ ಹೋಗೋಣ್ವಾ? ಇಲ್ಲಿ ಇನ್ನೂ ಹಸಿ ಇದ್ಯಲ್ಲ" ಎಂದರು.

"ಹಿಂದ್ಗಡೆಯಿಂದ ಹೋಗಿ ಹೋಗಿ ನಂಗೆ ಸಾಕಾಗಿದೆ. ಬನ್ನಿ."

ಇಬ್ಬರೂ ಕೈ ಹಿಡಿದುಕೊಂಡು ನಡೆದೆವು. ಗಟ್ಟಿಯಾದ ಭಾಗದಲ್ಲಿ ಏನೂ ಆಗಲಿಲ್ಲ. ಕೊನೆಯ ಪಟ್ಟಿಯಲ್ಲಿ ಅವರು ಒಮ್ಮೆ ನಿಂತರು. ನಾನು ಎಳೆಯಲಿಲ್ಲ. ಅವರೇ ಕಾಲಿಟ್ಟರು.

ನಡುಮನೆಗೆ ನಾವು ಕಾಲಿಟ್ಟಾಗ ಅಲಮೇಲು ಆಗತಾನೇ ಕೇಸರಿಬಾತಿನ ತಟ್ಟೆ ಹಿಡಿದು ನಿಂತಿದ್ದಳು. ಅತ್ತಿಗೆಯ ಮುಖ ಬಿಳುಪಾಯಿತು. ಸೀತಾರಾಮಯ್ಯನವರು ಎದ್ದು ನಿಂತು ಕಮಲಾಕ್ಷಮ್ಮನವರನ್ನು "ಅತ್ತಿಗೇ! ಇದೇನಿದು? ಬುದ್ಧಿ ನೆಟ್ಟಗಿದ್ಯಾ?" ಎಂದು ಗದರಿದರು. ಕಮಲಾಕ್ಷಮ್ಮನವರು ನನ್ನ ಕೈ ಬಿಡಲಿಲ್ಲ.

ನಾನು ಹೇಳಿದೆ: "ಬುದ್ಧಿ ನೆಟ್ಟಗೇ ಇದೆ ಸ್ವಾಮಿ. ಮಗನಿಗೆ ಹೆಣ್ಣು ನೋಡೋಕೆ ತಾಯಿ ಬಂದಿದಾರೆ. ಕರ್ಕೊಂಡು ಬಂದಿದೀನಿ."

ಅಲಮೇಲು ತಟ್ಟೆಯನ್ನು ನೆಲದ ಮೇಲಿಟ್ಟು, ಯಾರನ್ನೂ ಕೇಳದೆ, ಮೊದಲು ಆಕೆಯ ಕಾಲಿಗೆ, ಆಮೇಲೆ ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ಅವಳ ಹಣೆಗೆ ಸಿಮೆಂಟು ತಾಗಿತು. ಹುಡುಗ ಎದ್ದು ತನ್ನ ಕುರ್ಚಿಯನ್ನು ತಾಯಿಗೆ ಕೊಟ್ಟ.

ಸೀತಾರಾಮಯ್ಯನವರು ಉಪ್ಪಿಟ್ಟು ಮುಟ್ಟಲಿಲ್ಲ. "ಕಾಗದ ಬರೀತೀವಿ" ಎಂದು ಎದ್ದ ಕಾಲಲ್ಲೇ ಹೊರಟರು. ಎಲ್ಲರ ಜೊತೆ ಹಿತ್ತಿಲಿನಿಂದ ಹೋಗುವಾಗ ಕಮಲಾಕ್ಷಮ್ಮ ನನ್ನ ಕೈ ಒತ್ತಿದರು.

ಕೇಸರಿಬಾತು, ಉಪ್ಪಿಟ್ಟು ಎಲ್ಲ ತಟ್ಟೆಗಳಲ್ಲೇ ಉಳಿದಿವೆ.

ಮಾರ್ಚಿ ೬

ಅಣ್ಣ ಒಂದೇ ಮಾತು ಆಡಿದ. "ಮುರಿದೆಯಲ್ಲ."

ಮಾರ್ಚಿ ೮, ಬುಧವಾರ

ಕೊನೆಯ ಪಟ್ಟಿ ಈಗ ಕಲ್ಲಾಗಿದೆ, ಹೆಜ್ಜೆಗಳ ಸಮೇತ. ನನ್ನದು ಹೋದದ್ದು ಬಂದದ್ದು ಎರಡೂ, ಕಮಲಾಕ್ಷಮ್ಮನವರದು ಬಂದದ್ದು ಮಾತ್ರ. ಅಣ್ಣ ಓಬಳಯ್ಯನನ್ನು ಕರೆಸಿ ಚೆನ್ನಾಗಿ ಬೈದ. ಅವನು ತಪ್ಪೆಲ್ಲ ಸಿಮೆಂಟಿನದೇ ಎಂದ. ಭಾನುವಾರ ಎಲ್ಲಿಂದಲಾದರೂ ಅರ್ಧ ಮೂಟೆ ತಂದು ಮೇಲೆ ಸವರಿ ಮುಚ್ಚುತ್ತಾನಂತೆ.

ನಾನು ಮಾಡಿದ್ದು ತಪ್ಪೇ? ಮೂರು ದಿನದಿಂದ ಇದೇ ಪ್ರಶ್ನೆ. ಇಲ್ಲ. ಯಾವ ಕಡೆಯಿಂದ ತಿರುಗಿಸಿ ಕೇಳಿಕೊಂಡರೂ ಇಲ್ಲ. ಆದರೆ ಹೆದರಿಕೆಯಾಗುತ್ತದೆ. ಅಲಮೇಲುವಿಗೆ ಆ ಹುಡುಗ ಹಿಡಿಸಿದ್ದಾನೆ. ಅವಳು ಹೇಳಿಲ್ಲ, ಆದರೆ ಪುಸ್ತಕದ ಒಂದೇ ಪುಟವನ್ನು ಎಷ್ಟು ಹೊತ್ತಿನಿಂದ ಹಿಡಿದಿದ್ದಾಳೆಂದು ನನಗೆ ಕಾಣುತ್ತದೆ.

"ನನ್ಮೇಲೆ ಕೋಪಾನಾ?" ಎಂದು ಕೇಳಿದೆ.

"ಹೆತ್ತೋಳನ್ನ ಕಾರಲ್ಲಿ ಬಿಟ್ಟು ಬರೋ ಮನೆ ಅಂತ ಮದುವೆ ಆದ್ಮೇಲೆ ಗೊತ್ತಾಗೋದಕ್ಕಿಂತ ಈಗ್ಲೇ ಗೊತ್ತಾಯ್ತಲ್ಲ ಅತ್ತೆ" ಎಂದಳು. ಆಮೇಲೆ ಮುಖ ಆ ಕಡೆ ತಿರುಗಿಸಿ ಅತ್ತಳು. ನಾನೂ ಅತ್ತೆ.

ಮಾರ್ಚಿ ೧೨, ಭಾನುವಾರ

ಓಬಳಯ್ಯ ಬಾಂಡ್ಲಿಯಲ್ಲಿ ಸಿಮೆಂಟು ಕಲಸಿಕೊಂಡು ಹೆಜ್ಜೆಗಳ ಮುಂದೆ ಕೂತಿದ್ದ. ಅಣ್ಣ ಜಗಲಿಯ ಮೇಲೆ ನಿಂತು ನೋಡುತ್ತಿದ್ದ. ನಾನು ಕಿಟಕಿಯಲ್ಲಿದ್ದೆ. ಆಗ ಗೇಟಿನ ಸದ್ದಾಯಿತು. ಜಯರಾಮ. ಒಬ್ಬನೇ. ಕುಣಿಗಲಿನಿಂದ ಬಸ್ಸಿನಲ್ಲಿ ಬಂದಿದ್ದಾನೆ, ಮೈಯೆಲ್ಲ ಧೂಳು.

"ಏನು ಮಾಡಿಸ್ತಿದೀರಿ ಸಾರ್?" ಎಂದ.

"ಏನಿಲ್ಲ, ಇದನ್ನ ಸ್ವಲ್ಪ ಮುಚ್ಚಿಸೋಣ ಅಂತ" ಎಂದ ಅಣ್ಣ ತಡವರಿಸಿ.

ಹುಡುಗ ಕುಕ್ಕರಗಾಲಲ್ಲಿ ಕೂತು ಹೆಜ್ಜೆಗಳನ್ನು ನೋಡಿದ. ಬಹಳ ಹೊತ್ತು ನೋಡಿದ. "ಮೇಲೆ ಸವರಿದ್ರೆ ಹಿಡಿಯಲ್ಲ. ಒಂದು ಮಳೆಗಾಲಕ್ಕೆ ಎದ್ದು ಬರತ್ತೆ. ತೆಗೆದ್ರೆ ಪಟ್ಟಿ ಪೂರ್ತಿ ಒಡೀಬೇಕು." ಆಮೇಲೆ ದನಿ ತಗ್ಗಿಸಿ, "ಇದು ನಮ್ಮಮ್ಮನ ಕಾಲು ಸಾರ್. ಅಪ್ಪ ಹೋದ್ಮೇಲೆ ಅಮ್ಮ ಬೇರೆಯವರ ಮನೆಗೆ ಮುಂಬಾಗಿಲಿಂದ ಹೋಗಿದ್ದು ಇದೇ ಮೊದಲು. ಒಡೀಬೇಡಿ."

ಹುಡುಗ ಎದ್ದು ಕೈಯ ಧೂಳು ಕೊಡವಿಕೊಂಡ.

"ಚಿಕ್ಕಪ್ಪ ಒಪ್ಪಿಲ್ಲ. ಕಾಗದದಲ್ಲಿ ಅವರು ಬೇರೇನಾದ್ರೂ ಬರೀತಾರೆ, ಅದಕ್ಕೇ ನಾನೇ ಬಂದೆ. ನಂಗೆ ಒಪ್ಪಿಗೆ. ಅಮ್ಮನಿಗೂ. ಧಾರೆ ಹೊತ್ನಲ್ಲಿ ಅಮ್ಮ ಎದುರಿಗೇ ಕೂತಿರ್ಬೇಕು. ನಾನು ಕೇಳೋದು ಅದೊಂದೇ."

ಅಣ್ಣ ತಿರುಗಿ ಕಿಟಕಿಯ ಕಡೆ ನೋಡಿದ. ಒಂದು ವಾರದ ಮೇಲೆ ನನ್ನ ಮುಖ ನೋಡಿದ್ದು. "ಓಬಳಯ್ಯ, ಬಾಂಡ್ಲಿ ತಗೊಂಡೋಗಿ ಬಚ್ಚಲ ಬಿರುಕಿಗೆ ಹಾಕು" ಎಂದ.

ಒಳಗೆ ಏನೋ ಬಿದ್ದ ಸದ್ದಾಯಿತು. ಅಲಮೇಲು ಬಾಗಿಲ ಹಿಂದೆ ನಿಂತಿದ್ದಳು, ಲೋಟ ಕೈಜಾರಿದೆ.

ಮಾರ್ಚಿ ೧೩, ಸೋಮವಾರ

ಇವತ್ತು ಬೆಳಿಗ್ಗೆ ನಾನು ಜಗಲಿ ಇಳಿದು ಅಂಗಳದಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಅಣ್ಣ ಕರೀ ಕೋಟು ತೊಟ್ಟು, ಕೈಯಲ್ಲಿ ಕಾಗದದ ಕಟ್ಟು ಹಿಡಿದು ಮುಂಬಾಗಿಲಿಗೆ ಬಂದ. ನನ್ನನ್ನು ನೋಡಿದ. ಏನೂ ಅನ್ನದೆ ಒಳಗೆ ಹೋಗಿ ನೀರು ಕುಡಿದು ಸ್ವಲ್ಪ ಹೊತ್ತು ಕೂತು ಮತ್ತೆ ಬಂದ.

ನಾನು ಅಲ್ಲೇ ಇದ್ದೆ. ಚಪ್ಪಲಿಯ ಬಾರು ಸರಿಯಾಗಿ ಕೂರುತ್ತಿರಲಿಲ್ಲ.

ಮತ್ತೆ ಒಳಗೆ ಹೋದ. ಮತ್ತೊಂದು ಲೋಟ. ಮತ್ತೆ ಬಂದ. ಇನ್ನೊಂದು ಚಪ್ಪಲಿಯ ಬಾರು ನೋಡುತ್ತಿದ್ದೆ ನಾನು. ಅತ್ತಿಗೆ ಒಳಗಿನಿಂದ "ಎಷ್ಟು ನೀರು ಕುಡೀತೀರಿ, ಕೋರ್ಟಲ್ಲಿ ಫಜೀತಿ ಆಗತ್ತೆ" ಎಂದದ್ದು ಅಂಗಳಕ್ಕೆಲ್ಲ ಕೇಳಿಸಿತು. ಅಲಮೇಲು ಕಿಸಕ್ಕೆಂದಳು.

ಅಣ್ಣ ಜಗಲಿಯ ತುದಿಯಲ್ಲಿ ನಿಂತು ನನ್ನನ್ನು ನೋಡಿದ, ಹೆಜ್ಜೆಗಳನ್ನು ನೋಡಿದ, ಗಡಿಯಾರ ನೋಡಿದ. "ಹೊತ್ತಾಯ್ತು, ನಡಿಯೇ" ಎಂದ. ಇಬ್ಬರೂ ಒಟ್ಟಿಗೆ ಗೇಟು ದಾಟಿದೆವು. ಅವನು ಎಡಕ್ಕೆ ಹೋದ, ನಾನು ಬಲಕ್ಕೆ.

ಸಂಜೆ ಬಂದ ಮೇಲೆ ಕೇಸು ಏನಾಯಿತೆಂದು ಅತ್ತಿಗೆ ಕೇಳಿದಳು. ಮುಂದಿನ ತಾರೀಖಿಗೆ ವಾಯಿದೆ ಹಾಕಿದರಂತೆ.

ಶಾಲೆಗೆ ತಡವಾಗಿ ಹೆಡ್‌ಮೇಡಂ ಕೈಯಲ್ಲಿ ಒಂದು ಮಾತು ಕೇಳಬೇಕಾಯಿತು. ಈ ಕಡೆಯಿಂದ ದಾರಿ ದೂರವೇ. ನಾಳೆಯಿಂದ ಸ್ವಲ್ಪ ಬೇಗ ಹೊರಡಬೇಕು.